ಮನೆಯಲ್ಲಿ ವಿಮಾನ ಕಟ್ಟುವವರಿಗೆ: ಯಾವ ಜಾಗಕ್ಕೆ ಯಾವ ಫೋಮ್, ಯಾವ ಗ್ಲಾಸ್, ಯಾವ ರೆಸಿನ್

ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ 1975ರಲ್ಲಿ ಬರ್ಟ್ ರುಟಾನ್ ವಿನ್ಯಾಸದ ವೇರಿ-ಈಝಿ ಎಂಬ ಪುಟ್ಟ ವಿಮಾನ ಹಾರಿತು. ಅಚ್ಚು ಇಲ್ಲ, ಸಾಲು ಸಾಲು ರಿವೆಟ್ ಇಲ್ಲ. ಫೋಮ್ ದಿಮ್ಮಿಯನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ಯುವುದು, ಮೇಲೆ ಗಾಜಿನ ಎಳೆಯಲ್ಲಿ ನೇಯ್ದ ಗ್ಲಾಸ್ ಬಟ್ಟೆ ಹಾಸುವುದು, ಅದಕ್ಕೆ ಎಪಾಕ್ಸಿ, ಅಂದರೆ ಒಣಗಿ ಗಟ್ಟಿಯಾಗುವ ಅಂಟಿನಂಥ ರೆಸಿನ್ ತುಂಬಿಸುವುದು. ರೆಕ್ಕೆ ಸಿದ್ಧ. 1979ರಲ್ಲಿ ಅದರ ಅಣ್ಣನಾಗಿ ಲಾಂಗ್-ಈಝಿ ಬಂತು. ನಕ್ಷೆ ಕೊಂಡು ಗ್ಯಾರೇಜಿನಲ್ಲೇ ಅದನ್ನು ಕಟ್ಟಿ ಹಾರಿಸಿದವರು ನೂರಾರು ಜನ.

ನಮ್ಮ ಬೆಂಗಳೂರಿಗೂ ಈ ಕತೆಯ ಒಂದು ಎಳೆ ತಾಗಿದೆ. 1980ರ ದಶಕದಲ್ಲಿ ಇಲ್ಲಿನ ವಿಮಾನ ಸಂಶೋಧನಾ ಸಂಸ್ಥೆ ಎನ್ಎಎಲ್‌ನಲ್ಲಿ ರುಸ್ತಮ್ ದಮಾನಿಯಾ ಅವರ ತಂಡ ಲಾಂಗ್-ಈಝಿಯನ್ನು ಆಧರಿಸಿ ಹಗುರ ಕನಾರ್ಡ್ (ಮೂಗಿನ ಬಳಿಯ ಪುಟ್ಟ ರೆಕ್ಕೆ) ಸಂಶೋಧನಾ ವಿಮಾನವೊಂದನ್ನು ಕಟ್ಟಿತು. ಮುಂದೆ ಡಿಆರ್‌ಡಿಒದ ರುಸ್ತಮ್-1 ಎಂಬ ಪೈಲಟ್‌ರಹಿತ ವಿಮಾನ ಬಂದದ್ದು ಅದೇ ವಿನ್ಯಾಸದಿಂದ. ಹೆಸರೂ ಅವರದ್ದೇ.

ಹಾಗಾಗಿ ಇಲ್ಲಿ ಲಾಂಗ್-ಈಝಿ, ಅದರ ವಂಶದ ಕೋಝಿ ಇಂಥವನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ದೊಡ್ಡ ಡ್ರೋನ್ ಕಟ್ಟುವ ಕಾಲೇಜು ಹುಡುಗರಿಗೂ ಇದರ ಮುಕ್ಕಾಲು ಪಾಲು ಹಾಗೇ ಅನ್ವಯಿಸುತ್ತದೆ.

ಹಂತ 1: ಮೊದಲು ನಕ್ಷೆ, ಆಮೇಲೆ ಅಂಗಡಿ

ಸಾಮಾನು ಹುಡುಕುವ ಮುಂಚೆ ನಕ್ಷೆಯ ಸಾಮಾನು ಪಟ್ಟಿಯನ್ನು ಪೂರ್ತಿ ಓದಿ. ಒಂದೊಂದು ಭಾಗದ ಮುಂದೆಯೂ ನಾಲ್ಕು ವಿಷಯ ಬರೆದುಕೊಳ್ಳಿ: ಫೋಮಿನ ಜಾತಿ, ಅದರ ಸಾಂದ್ರತೆ, ಗ್ಲಾಸಿನ ನೇಯ್ಗೆ, ಪದರಗಳ ದಿಕ್ಕು. ಈ ನಾಲ್ಕರಲ್ಲಿ ಒಂದನ್ನು ಬದಲಿಸಿದರೂ ವಿನ್ಯಾಸಕ ಹಾಕಿದ ಲೆಕ್ಕ ನಿಮ್ಮ ವಿಮಾನಕ್ಕೆ ಹೊಂದುವುದಿಲ್ಲ.

ಬದಲಾವಣೆಯ ಆಸೆ ಎಲ್ಲರಿಗೂ ಬರುತ್ತದೆ. ಗಾಯಕ ಜಾನ್ ಡೆನ್ವರ್ 1997ರಲ್ಲಿ ತೀರಿಕೊಂಡದ್ದು ಲಾಂಗ್-ಈಝಿ ಅಪಘಾತದಲ್ಲಿ. ಆ ವಿಮಾನವನ್ನು ಕಟ್ಟಿದವರು ಇಂಧನ ಬದಲಿಸುವ ಹಿಡಿಯನ್ನು ನಕ್ಷೆಯಲ್ಲಿದ್ದ ಜಾಗ ಬಿಟ್ಟು ಪೈಲಟ್‌ನ ಎಡಭುಜದ ಹಿಂದೆ ಕೂರಿಸಿದ್ದರು. ಅಲ್ಲಿ ಫೋಮಿನ ತಪ್ಪೇನೂ ಇರಲಿಲ್ಲ. ಆದರೂ ನಕ್ಷೆಗೆ ಪೆನ್ಸಿಲ್ ಹಚ್ಚುವಾಗ ಇದು ನೆನಪಿಗೆ ಬಂದರೆ ಒಳ್ಳೆಯದು.

ಭಾರತದಲ್ಲಿ ಕಟ್ಟುವವರು ಒಂದು ರೂಪಾಯಿ ಖರ್ಚು ಮಾಡುವ ಮುಂಚೆಯೇ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಗೆ ಬರೆದು ಏನೇನು ದಾಖಲೆ ಬೇಕು ಅಂತ ಕೇಳಿಕೊಳ್ಳಿ. ಸಾಮಾನಿನ ಬಿಲ್, ಬ್ಯಾಚ್ ನಂಬರ್ ಎಲ್ಲ ಮೊದಲ ದಿನದಿಂದಲೇ ಫೈಲಿಗೆ ಹೋಗಲಿ.

ಹಂತ 2: ಫೋಮ್ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ರೆಕ್ಕೆ ಬಾಗಿದಾಗ ಎಳೆತ, ಒತ್ತಡ ಎರಡನ್ನೂ ಹೊರುವುದು ಹೊರಗಿನ ಗ್ಲಾಸ್ ಚರ್ಮ. ಮೇಲಿನ ಚರ್ಮ ಕೆಳಗಿನ ಚರ್ಮಕ್ಕೆ ಹತ್ತಿರ ಬಾರದಂತೆ, ಒಂದರ ಮೇಲೊಂದು ಜಾರದಂತೆ ಹಿಡಿದಿಡುವುದು ಫೋಮ್. ಒಂದು ಗ್ಲಾಸ್ ಹಾಳೆಯನ್ನು ಎರಡಾಗಿ ಸೀಳಿ, ನಡುವೆ ಫೋಮ್ ಇಟ್ಟು ಒಟ್ಟು ದಪ್ಪವನ್ನು ದುಪ್ಪಟ್ಟು ಮಾಡಿ ನೋಡಿ. ಬಿಗಿತನ ಸುಮಾರು 7 ಪಟ್ಟು ಏರುತ್ತದೆ. ದಪ್ಪ 4 ಪಟ್ಟಾದರೆ ಬಿಗಿತನ ಸುಮಾರು 37 ಪಟ್ಟು. ತೂಕ ಮಾತ್ರ ನೂರಕ್ಕೆ ಐದಾರು ಪಾಲು ಜಾಸ್ತಿ ಆಗಬಹುದು, ಅಷ್ಟೇ.

ಅದಕ್ಕೇ ‘ಎಲ್ಲಕ್ಕಿಂತ ಗಟ್ಟಿ ಫೋಮ್ ಯಾವುದು?’ ಅಂತ ಹುಡುಕುತ್ತಾ ಹೋದರೆ ದಾರಿ ತಪ್ಪುತ್ತದೆ. ನನ್ನ ಕ್ರಮ ಇದು. ಇದನ್ನು ಹೇಗೆ ಕೊಯ್ಯಬೇಕು? ಇದಕ್ಕೆ ಪೆಟ್ರೋಲ್ ತಾಗುತ್ತದಾ, ಯಾವ ರೆಸಿನ್ ತಾಗುತ್ತದೆ? ಎಷ್ಟು ಬಿಸಿ ತಡೆಯಬೇಕು? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಬಲದ ಮಾತು. ಅಷ್ಟರಲ್ಲಿ ಆಯ್ಕೆ ಬಹುಪಾಲು ತಾನಾಗಿಯೇ ಒಂದೋ ಎರಡೋ ಫೋಮಿಗೆ ಇಳಿದಿರುತ್ತದೆ.

ಹಂತ 3: ಜಾಗಕ್ಕೆ ತಕ್ಕ ಫೋಮ್

*ರೆಕ್ಕೆ, ಕನಾರ್ಡ್, ವಿಂಗ್ಲೆಟ್ (ರೆಕ್ಕೆಯ ತುದಿಯಲ್ಲಿ ನಿಂತಿರುವ ಪುಟ್ಟ ರೆಕ್ಕೆ): ನೀಲಿ ಪಾಲಿಸ್ಟೈರೀನ್.* ಇದು ಒತ್ತಿ ತೆಗೆದ ಪಾಲಿಸ್ಟೈರೀನ್. ಸಾಂದ್ರತೆ ಘನ ಮೀಟರಿಗೆ ಸುಮಾರು 32 ಕೆಜಿ. ಟಿವಿ ಪೆಟ್ಟಿಗೆಯಲ್ಲಿ ಬರುವ ಬಿಳಿ ಥರ್ಮಾಕೋಲ್ ಇದಲ್ಲ. ಥರ್ಮಾಕೋಲ್ ಅಂದರೆ ಮಣಿ ಮಣಿ ಅಂಟಿಕೊಂಡದ್ದು. ಬಲ ಬಿದ್ದಾಗ ಮಣಿಗಳ ನಡುವೆ ಬಿಟ್ಟುಕೊಳ್ಳುತ್ತದೆ, ಆ ಸಂದಿನಲ್ಲಿ ನೀರೂ ಇಳಿಯುತ್ತದೆ. ಭಾರ ಹೊರುವ ಭಾಗಕ್ಕೆ ಅದು ಬೇಡ.

ಇನ್ನೊಂದು ಮಾತು, ಬಣ್ಣ ನೋಡಿ ಕೊಳ್ಳಬೇಡಿ. ತಾರಸಿಯ ಬಿಸಿ ತಡೆಯಲು ಹಾಕುವ ಹಾಳೆಯೂ ನೀಲಿ ಇರಬಹುದು, ಗುಲಾಬಿಯೂ ಇರಬಹುದು. ಆ ಹಾಳೆಗಳಲ್ಲಿ ಕಣ, ಅಂದರೆ ಫೋಮಿನೊಳಗಿನ ಗಾಳಿಗುಳ್ಳೆ, ತುಂಬಾ ಸಣ್ಣ, ಮೇಲ್ಮೈಯೂ ನುಣುಪು. ವಿಮಾನಕ್ಕೆ ಬೇಕಾದದ್ದು ದೊಡ್ಡ ಕಣದ ದಿಮ್ಮಿ. ರೆಸಿನ್ ಆ ಕಣಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ, ಚರ್ಮ ಸುಲಭಕ್ಕೆ ಸುಲಿದು ಬರುವುದಿಲ್ಲ. ಅಂಗಡಿಯವರು ‘ಎರಡೂ ಒಂದೇ ಸಾರ್’ ಅಂದರೆ ಒಂದು ತುಂಡು ಮುರಿದು ಕಣ ನೋಡಿ, ಒಂದು ತುಂಡು ಅಳೆದು ತೂಕ ಹಾಕಿ. ಎರಡು ನಿಮಿಷದ ಕೆಲಸ.

ಈ ಫೋಮಿನ ದೊಡ್ಡ ಗುಣ ಅಂದರೆ ಕಾದ ತಂತಿಯಲ್ಲಿ ಬೆಣ್ಣೆಯಂತೆ ಕೊಯ್ಯಬಹುದು. ರೆಕ್ಕೆಯ ಬುಡಕ್ಕೊಂದು, ತುದಿಗೊಂದು ಪ್ಲೈವುಡ್ ಟೆಂಪ್ಲೇಟ್ ಮೊಳೆ ಹೊಡೆದು ಕೂರಿಸುತ್ತಾರೆ. ಎರಡರ ಅಂಚಿನಲ್ಲೂ ಒಂದೇ ಲೆಕ್ಕದ ನಂಬರ್ ಗುರುತು ಇರುತ್ತದೆ. ತಂತಿ ಬಿಗಿದ ಬಿಲ್ಲಿನ ಎರಡು ತುದಿಯಲ್ಲಿ ಇಬ್ಬರು ನಿಲ್ಲುತ್ತಾರೆ. ಒಬ್ಬರು ‘ಇಪ್ಪತ್ತು... ಇಪ್ಪತ್ತೊಂದು...’ ಅಂತ ಜೋರಾಗಿ ಹೇಳುತ್ತಾ ಹೋಗಬೇಕು, ಇನ್ನೊಬ್ಬರ ತಂತಿ ಅದೇ ಕ್ಷಣಕ್ಕೆ ತಮ್ಮ ಕಡೆಯ ಅದೇ ನಂಬರಿಗೆ ಬರಬೇಕು. ಬುಡ ಅಗಲ, ತುದಿ ಕಿರಿದು. ಹಾಗಾಗಿ ಬುಡದ ಕಡೆಯವರು ಸ್ವಲ್ಪ ಬೇಗ ಸಾಗಬೇಕಾಗುತ್ತದೆ. ರೆಕ್ಕೆಯ ಮೂಗಿನ, ಅಂದರೆ ಮುಂದಿನ ಅಂಚಿನ, ದುಂಡಗಿನ ತಿರುವಿನಲ್ಲಿ ಇಬ್ಬರೂ ನಿಧಾನ ಮಾಡಬೇಕು. ಯಾಕಂದ್ರೆ ತಂತಿಯ ನಡುಭಾಗ ಯಾವಾಗಲೂ ತುದಿಗಳಿಗಿಂತ ಹಿಂದೆ ಉಳಿದಿರುತ್ತದೆ. ಅವಸರ ಮಾಡಿದರೆ ರೆಕ್ಕೆಯ ನಡುವೆ ಮೂಗು ಚಪ್ಪಟೆ ಆಗುತ್ತದೆ. ಎರಡು ದಿಮ್ಮಿ ಅಂಟಿಸಿ ಕೊಯ್ಯುವುದಾದರೆ ಅಂಟು ತಂತಿಯ ದಾರಿಯಲ್ಲಿ ಇರಕೂಡದು. ತಂತಿ ಫೋಮನ್ನು ಕೊಯ್ಯುತ್ತದೆ, ಒಣಗಿದ ಎಪಾಕ್ಸಿಯನ್ನು ಕೊಯ್ಯುವುದಿಲ್ಲ. ಸಿಕ್ಕಿಕೊಂಡು ಅಲ್ಲೇ ಗುಂಡಿ ಸುಡುತ್ತದೆ.

ಇದರ ದೋಷ? ಪೆಟ್ರೋಲ್ ತಾಗಿದರೆ ಕರಗುತ್ತದೆ. ಅಸಿಟೋನ್ ತಾಗಿದರೂ ಅಷ್ಟೇ. ಪಾಲಿಎಸ್ಟರ್, ವಿನೈಲ್ ಎಸ್ಟರ್ ರೆಸಿನ್‌ಗಳಲ್ಲಿ ಸ್ಟೈರೀನ್ ಇರುವುದರಿಂದ ಅವೂ ಇದನ್ನು ತಿಂದುಹಾಕುತ್ತವೆ. ಇದಕ್ಕೆ ಎಪಾಕ್ಸಿ ಮಾತ್ರ. ಸುಮಾರು 75 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ಇಟ್ಟರೆ ಮೇಲ್ಮೈ ಪುಡಿ ಪುಡಿಯಾಗುತ್ತದೆ, ಆ ಪುಡಿಯ ಮೇಲೆ ಗ್ಲಾಸ್ ನಿಲ್ಲುವುದಿಲ್ಲ. ದಿಮ್ಮಿಯನ್ನು ನೆರಳಲ್ಲಿ ಮುಚ್ಚಿಡಿ.

*ಮೂಗು, ಉಬ್ಬು ತಗ್ಗಿನ ಭಾಗಗಳು: ಯುರೆಥೇನ್.* ಚಾಕು, ಮರಳು ಕಾಗದ, ಕೊನೆಗೆ ಇದೇ ಫೋಮಿನ ಒಂದು ತುಂಡು ಸಾಕು, ಬೇಕಾದ ಆಕಾರಕ್ಕೆ ಬರುತ್ತದೆ. ಪೆಟ್ರೋಲಿಗೆ ಜಗ್ಗುವುದಿಲ್ಲ. ಆದರೆ ಪುಡಿಪುಡಿ ಸ್ವಭಾವ, ಅಂಚು ಬೇಗ ಉದುರುತ್ತದೆ. ಒಂದು ವಿಷಯವನ್ನು ಗೋಡೆಯ ಮೇಲೆ ಬರೆದು ಅಂಟಿಸಿ: ಯುರೆಥೇನಿಗೆ ಕಾದ ತಂತಿ ಹಚ್ಚಬಾರದು. ಸುಟ್ಟಾಗ ಸಯನೈಡ್ ಸೇರಿದ ವಿಷಾನಿಲ ಬರುತ್ತದೆ. ಕಿಟಕಿ ತೆರೆದಿದ್ದೇನೆ ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ.

*ಬಲ್ಕ್‌ಹೆಡ್ (ದೇಹದೊಳಗಿನ ಅಡ್ಡಗೋಡೆ), ದೇಹದ ಗೋಡೆ, ಟ್ಯಾಂಕ್: ಪಿವಿಸಿ ಫೋಮ್.* ಡಿವಿನಿಸೆಲ್ ಅನ್ನುವ ಹೆಸರಲ್ಲಿ ಸಿಗುವುದು ಇದೇ. ಎಚ್45 ಅಂದರೆ ಘನ ಮೀಟರಿಗೆ 48 ಕೆಜಿ, ಎಚ್80 ಅಂದರೆ 80, ಎಚ್100 ಅಂದರೆ 100. ಹಾಳೆಯಾಗಿ ಬರುತ್ತದೆ. ಜಿಗುಟು, ಬೇಗ ಮುರಿಯುವುದಿಲ್ಲ, ಪೆಟ್ರೋಲನ್ನೂ ಸ್ಟೈರೀನನ್ನೂ ತಡೆದುಕೊಳ್ಳುತ್ತದೆ. ವಿನೈಲ್ ಎಸ್ಟರ್ ಬಳಸುವ ವಿನ್ಯಾಸವಾದರೆ ನಿಮ್ಮ ದಾರಿ ಇದೇ. ಇದಕ್ಕೂ ಕಾದ ತಂತಿ ಬೇಡ, ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಸೂಕ್ಷ್ಮ ಹಲ್ಲಿನ ಗರಗಸ ಸಾಕು.

ಹೆಚ್ಚು ಸಾಂದ್ರತೆ ಇದ್ದರೆ ಒಳ್ಳೆಯದಲ್ವಾ ಅಂತ ಎಲ್ಲ ಕಡೆ ಎಚ್100 ಹಾಕುವವರಿದ್ದಾರೆ. ನನ್ನ ಪ್ರಕಾರ ಅದು ದುಡ್ಡೂ ದಂಡ, ತೂಕವೂ ದಂಡ. ಗಟ್ಟಿ ಬೇಕಾದದ್ದು ಬೋಲ್ಟ್ ಬರುವ ಕಡೆ, ಅಲ್ಲಿ ಎಚ್100 ಕೂಡ ಸಾಲದು. ಬೋಲ್ಟ್ ಬಿಗಿದರೆ ಯಾವ ಫೋಮಾದರೂ ಕುಸಿಯುತ್ತದೆ. ಆ ಜಾಗದ ಫೋಮ್ ಕೊರೆದು ತೆಗೆದು, ನಕ್ಷೆ ಹೇಳಿದಂತೆ ಪ್ಲೈವುಡ್ಡೋ ಗಟ್ಟಿ ಗ್ಲಾಸ್ ತುಂಡೋ ಕೂರಿಸಬೇಕು.

ಜೇನುಗೂಡು ಹಾಳೆ, ರೊಹಾಸೆಲ್ ಎಂಬ ಫೋಮ್ ಇವೆಲ್ಲ ಒಳ್ಳೆಯ ಸಾಮಾನುಗಳೇ. ಆದರೆ ಅವುಗಳಿಗೆ ನಿರ್ವಾತ ಚೀಲ, ಓವನ್ ಇದ್ದರೆ ಚೆಂದ. ಗ್ಯಾರೇಜಿಗೆ ಅವು ಬೇಡ.

ಹಂತ 4: ಗ್ಲಾಸ್ ಬಟ್ಟೆ, ಮತ್ತೆ ಕಾರ್ಬನ್ನಿನ ಮೋಹ

ರುಟಾನ್ ನಕ್ಷೆಗಳಲ್ಲಿ ಎರಡೇ ಬಟ್ಟೆ. ಕಟ್ಟುವವರ ಬಾಯಲ್ಲಿ ಒಂದು ಬಿಡ್, ಇನ್ನೊಂದು ಯುನಿ. ಬಿಡ್‌ನಲ್ಲಿ ಎಳೆ ಎರಡೂ ದಿಕ್ಕಿಗೆ ಸಮ, ಚದರ ಮೀಟರಿಗೆ ಸುಮಾರು 300 ಗ್ರಾಂ. ಯುನಿಯಲ್ಲಿ ಹೆಚ್ಚುಕಡಿಮೆ ಎಲ್ಲ ಎಳೆಯೂ ಒಂದೇ ದಿಕ್ಕಿಗೆ, ಸುಮಾರು 240 ಗ್ರಾಂ. ಬಾಗುವ ಬಲ ಉದ್ದಕ್ಕೆ ಹರಿಯುವ ಕಡೆ, ಅಂದರೆ ರೆಕ್ಕೆಯ ಉದ್ದಕ್ಕೂ ಇರುವ ತೊಲೆಯಾದ ಸ್ಪಾರ್‌ನ ಮೇಲೆ ಕೆಳಗೆ, ಎಳೆ ಉದ್ದಕ್ಕೆ. ತಿರುಚುವ ಬಲ ಬರುವ ಚರ್ಮದಲ್ಲಿ 45 ಡಿಗ್ರಿ ಓರೆ, ಒಂದು ಪದರ ಈ ಕಡೆ, ಇನ್ನೊಂದು ಆ ಕಡೆ. ದಿಕ್ಕು ತಪ್ಪಿದ ಪದರ ತೂಕಕ್ಕೆ ಮಾತ್ರ ಉಂಟು, ಬಲಕ್ಕೆ ಇಲ್ಲ. ಕತ್ತರಿಸುವ ಮುಂಚೆ ಬಟ್ಟೆಯ ಮೇಲೆ ಮಾರ್ಕರಿನಲ್ಲಿ ಬಾಣ ಹಾಕಿಬಿಡಿ.

ಕೊಳ್ಳುವಾಗ ವಿಮಾನಕ್ಕೆ ಅಂತಲೇ ನೇಯ್ದ, ಎಪಾಕ್ಸಿಗೆ ಹೊಂದುವ ಲೇಪನ ಇರುವ ಬಟ್ಟೆ ಕೇಳಿ. ನೀರಿನ ಟ್ಯಾಂಕಿಗೆ ಹಾಕುವ ಚಾಪೆ, ಅದೇ ತುಂಡು ತುಂಡು ಎಳೆಯದ್ದು, ಅದರ ಲೇಪನ ಪಾಲಿಎಸ್ಟರಿಗಾಗಿ ಮಾಡಿದ್ದು. ರೆಸಿನ್ ಕುಡಿಯುತ್ತದೆ, ಬಲ ಕೊಡುವುದಿಲ್ಲ.

‘ಗ್ಲಾಸ್ ಬದಲು ಕಾರ್ಬನ್ ಹಾಕಿದರೆ?’ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕಾರ್ಬನ್ ಎಳೆಯ ಬಿಗಿತನ ಸಾಮಾನ್ಯ ಇ-ಗ್ಲಾಸಿನ ಸುಮಾರು ಮೂರು ಪಟ್ಟು. 1986ರ ಡಿಸೆಂಬರಿನಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸದೆ ಭೂಮಿ ಸುತ್ತಿದ ರುಟಾನ್‌ರ ವಾಯೇಜರ್ ಕಾರ್ಬನ್ನಿನದ್ದೇ. ಆದರೆ ಅದು ಮೊದಲ ಗೆರೆಯಿಂದಲೇ ಕಾರ್ಬನ್ನಿಗೆ ಅಂತ ಲೆಕ್ಕ ಹಾಕಿದ ವಿಮಾನ. ಗ್ಲಾಸಿನ ವಿನ್ಯಾಸದ ನಡುವೆ ಒಂದು ಪದರ ಕಾರ್ಬನ್ ತುರುಕಿದರೆ ಬಿಗಿಯಾದ ಕಾರ್ಬನ್ನೇ ಮೊದಲು ಭಾರ ಹೊರುತ್ತದೆ. ಗ್ಲಾಸಿಗಿಂತ ತುಂಬಾ ಕಡಿಮೆ ಹಿಗ್ಗಿಗೇ ಅದು ಹರಿಯುತ್ತದೆ. ಆಮೇಲೆ ಪೂರಾ ಭಾರ ಒಮ್ಮೆಲೇ ಗ್ಲಾಸಿನ ಮೇಲೆ. ಜತೆಗೆ ಅಲ್ಯೂಮಿನಿಯಂ ತಾಗಿದ ಕಡೆ ತುಕ್ಕು. ರೇಡಿಯೋ ಅಲೆಗಳನ್ನೂ ತಡೆಯುತ್ತದೆ. ಲಾಂಗ್-ಈಝಿಯಲ್ಲಿ ಆಂಟೆನಾ ಗ್ಲಾಸಿನ ಒಳಗೇ ಅಡಗಿರುತ್ತದೆ, ಅದರ ಮೇಲೆ ಕಾರ್ಬನ್ ಹೊದಿಸಿದರೆ ಅದು ಕಿವುಡು. ಕೆವ್ಲಾರ್ ಎಂಬ ಇನ್ನೊಂದು ಎಳೆ ಎಳೆತಕ್ಕೆ ಗಟ್ಟಿ, ಒತ್ತಿದರೆ ಸೋಲುತ್ತದೆ. ಕತ್ತರಿಸಲು ಸಾಮಾನ್ಯ ಕತ್ತರಿಯೂ ಸಾಲದು.

ಹಂತ 5: ರೆಸಿನ್

ಇಲ್ಲಿ ಮೂರು ಪ್ರಶ್ನೆ. ಎಷ್ಟು ಬಿಸಿಗೆ ಮೆತ್ತಗಾಗುತ್ತದೆ? ಕಲಸಿದ ಮೇಲೆ ಗಟ್ಟಿಯಾಗದೆ ಎಷ್ಟು ಹೊತ್ತು ಉಳಿಯುತ್ತದೆ? ಪೆಟ್ರೋಲ್ ತಡೆಯುತ್ತದಾ?

ವಿಮಾನ ಕಟ್ಟುವವರಲ್ಲಿ ಎಂಜಿಎಸ್ 285, ಏರೋಪಾಕ್ಸಿ ಇಂಥವು ಬಳಕೆಯಲ್ಲಿವೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಕಾಣುವುದು ಲ್ಯಾಪಾಕ್ಸ್ ಎಲ್-12 ರೆಸಿನ್ ಜತೆಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಕೆ-6, ಇಲ್ಲವೇ ಎಲ್‌ವೈ556 ಜತೆಗೆ ಎಚ್‌ವೈ951. ಕೈ ಪಳಗಿಸಲು ಇವು ಸಾಕು. ಹಾರುವ ಭಾಗಕ್ಕೆ ಮಾತ್ರ ವಿನ್ಯಾಸಕ ಒಪ್ಪಿದ್ದನ್ನೇ ತನ್ನಿ.

ಅಳತೆಯಲ್ಲಿ ಒಂದು ಸೂಕ್ಷ್ಮ ಇದೆ. ಲ್ಯಾಬಿನ ರೆಸಿನ್‌ಗಳಲ್ಲಿ 100 ಗ್ರಾಂಗೆ 10 ಗ್ರಾಂ ಹಾರ್ಡನರ್. 50 ಗ್ರಾಂ ರೆಸಿನ್ ಕಲಸಿದರೆ ಹಾರ್ಡನರ್ 5 ಗ್ರಾಂ. ಅಡುಗೆಮನೆ ತಕ್ಕಡಿ 1 ಗ್ರಾಂ ತಪ್ಪಿದರೂ ಅದು 20% ತಪ್ಪು. ಎಂಜಿಎಸ್ 285ರಲ್ಲಿ ತೂಕದ ಲೆಕ್ಕ 100ಕ್ಕೆ 40. ಅಲ್ಲಿ ಅದೇ 1 ಗ್ರಾಂ ತಪ್ಪು 5% ಮಾತ್ರ. ಏನೇ ಇರಲಿ, 0.1 ಗ್ರಾಂ ತೋರಿಸುವ ತಕ್ಕಡಿ ಕೊಳ್ಳಿ. ಬೇಗ ಒಣಗಲಿ ಅಂತ ಹಾರ್ಡನರ್ ಜಾಸ್ತಿ ಸುರಿಯುವುದು ಪಾಲಿಎಸ್ಟರಿನವರ ಅಭ್ಯಾಸ. ಎಪಾಕ್ಸಿಯಲ್ಲಿ ಹಾಗೆ ಮಾಡಿದರೆ ರೆಸಿನ್ ಕೊನೆವರೆಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಬೇಗ ಬೇಕಾದರೆ ಬೇಗದ ಹಾರ್ಡನರ್, ನಿಧಾನ ಬೇಕಾದರೆ ನಿಧಾನದ್ದು.

ಹವೆಯ ವಿಷಯ. 10 ಡಿಗ್ರಿ ಬಿಸಿ ಏರಿದರೆ ಒಣಗುವ ವೇಗ ಹೆಚ್ಚುಕಡಿಮೆ ದುಪ್ಪಟ್ಟು. ಬೆಂಗಳೂರಿನ 25 ಡಿಗ್ರಿಯಲ್ಲಿ ನಿರಾಳವಾಗಿ ಕೆಲಸ ಮಾಡಿದವರು ಕಲಬುರಗಿಯ ಮೇ ತಿಂಗಳಲ್ಲಿ ಅದೇ ಹಾರ್ಡನರ್ ಹಿಡಿದರೆ ಕಪ್ಪಿನಲ್ಲೇ ಹೊಗೆ ಏಳುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ತೊಂದರೆ ಬೇರೆ. ತೇವಕ್ಕೆ ಒಣಗಿದ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕೂರುತ್ತದೆ. ನೀರಲ್ಲಿ ತೊಳೆದು, ಉಜ್ಜಿ ಮಂಕು ಮಾಡದೆ ಮುಂದಿನ ಪದರ ಹಾಕಿದರೆ ಅದು ಅಂಟುವುದಿಲ್ಲ.

ಪೆಟ್ರೋಲ್ ಇನ್ನೊಂದು ತಲೆನೋವು. ಈಗ ನಮ್ಮ ಬಂಕ್‌ಗಳಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಕೆಲವು ಎಪಾಕ್ಸಿಗಳನ್ನು ಮೆತ್ತಗೆ ಮಾಡುತ್ತದೆ. 1980ರ ನಕ್ಷೆ ಬರೆದವರ ಲೆಕ್ಕದಲ್ಲಿ ಇದು ಇರಲಿಲ್ಲ.

ಚರ್ಮದ ಅಲರ್ಜಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಮ್ಮೆ ಎಪಾಕ್ಸಿ ಮೈಗೆ ಒಗ್ಗದೆ ಹೋದರೆ ಆಮೇಲೆ ಅದರ ವಾಸನೆ ಹತ್ತಿರ ಹೋದರೂ ತುರಿಕೆ. ಅರ್ಧ ಕಟ್ಟಿದ ವಿಮಾನ ಹಾಗೇ ಉಳಿದುಬಿಡುತ್ತದೆ. ನೈಟ್ರೈಲ್ ಗವಸು ಹಾಕಿ. ಕೈಗೆ ತಾಗಿದರೆ ಸೋಪು ನೀರು, ಅಸಿಟೋನ್ ಅಲ್ಲ. ಅಸಿಟೋನ್ ಅದನ್ನು ಚರ್ಮದೊಳಗೇ ಇಳಿಸುತ್ತದೆ.

ಹಂತ 6: ಮೈಕ್ರೊ, ಫ್ಲಾಕ್ಸ್

ಮೈಕ್ರೊ ಅಂದರೆ ಟೊಳ್ಳು ಗಾಜಿನ ಹುಡಿ ಬೆರೆಸಿದ ಎಪಾಕ್ಸಿ. ತೂಕದಲ್ಲಲ್ಲ, ಗಾತ್ರದಲ್ಲಿ ಸಮ ಸಮ ಕಲಸಿದರೆ ತೆಳು ಸ್ಲರಿ. ಗ್ಲಾಸ್ ಹಾಸುವ ಮುಂಚೆ ಫೋಮಿನ ಕಣ ತುಂಬಲು ಅದನ್ನು ಬಳಿಯಬೇಕು. ಹುಡಿ ಹೆಚ್ಚಿಸುತ್ತಾ ಹೋದರೆ ಫೋಮ್ ತುಂಡುಗಳನ್ನು ಅಂಟಿಸುವ ಹದ, ಇನ್ನೂ ಹೆಚ್ಚಿಸಿದರೆ ತಗ್ಗು ತುಂಬುವ ಹದ. ಫ್ಲಾಕ್ಸ್ ಅಂದರೆ ಹತ್ತಿಯ ನಾರು ಬೆರೆಸಿದ್ದು, ಬಲ ಬೇಕಾದ ಮೂಲೆಗಳಿಗೆ. ಎರಡು ಗ್ಲಾಸ್ ಪದರಗಳ ನಡುವೆ ಮೈಕ್ರೊ ಎಂದಿಗೂ ಬರಬಾರದು.

ಹಂತ 7: ತುಂಡು ಮಾಡಿ, ತೂಗಿ, ಮುರಿದು ನೋಡಿ

ದೊಡ್ಡ ಆರ್ಡರ್ ಹಾಕುವ ಮುಂಚೆ ಸ್ವಲ್ಪ ಸ್ವಲ್ಪ ತರಿಸಿ ಈ ನಾಲ್ಕು ಪರೀಕ್ಷೆ ಮಾಡಿ.

ಒಂದು, ತೂಕದ ತುಂಡು. 25 ಸೆಂ.ಮೀ.ಗೆ 40 ಸೆಂ.ಮೀ. ಅಳತೆಯ ಬಿಡ್ ಬಟ್ಟೆ 6 ಪದರ, ಪ್ಲಾಸ್ಟಿಕ್ ಹಾಳೆಯ ಮೇಲೆ. ಬರೀ ಗ್ಲಾಸಿನ ತೂಕ ಸುಮಾರು 180 ಗ್ರಾಂ. ಒಣಗಿದ ಮೇಲೆ ಅದೇ ಅಳತೆಗೆ ಅಂಚು ಕತ್ತರಿಸಿ ತೂಗಿ. 330 ಗ್ರಾಂ ಆಸುಪಾಸು ಬಂದರೆ ರೆಸಿನ್ 45% ಅಂತ ಅರ್ಥ, ಕೈ ಸರಿ ಇದೆ. 360 ಬಂದರೆ ಅರ್ಧಕ್ಕರ್ಧ ರೆಸಿನ್, ಸ್ಕ್ವೀಜಿ (ಹೆಚ್ಚಾದ ರೆಸಿನ್ ಎಳೆದು ತೆಗೆಯುವ ಪಟ್ಟಿ) ಇನ್ನಷ್ಟು ಎಳೆಯಬೇಕು. 400 ಬಂದರೆ ಮತ್ತೆ ಮಾಡಿ. 300ಕ್ಕಿಂತ ಕಡಿಮೆ ಬಂದು ಬಿಳಿ ಮಚ್ಚೆ ಕಂಡರೆ ಗ್ಲಾಸ್ ಹಸಿದಿದೆ, ಅದು ಇನ್ನೂ ಅಪಾಯ.

ಎರಡು, ಸುಲಿಯುವ ತುಂಡು. ನೀವು ಕೊಳ್ಳಲಿರುವ ಫೋಮಿನ ಮೇಲೆ ಸ್ಲರಿ, ಎರಡು ಪದರ ಬಿಡ್. ಒಂದು ಅಂಚಿನಲ್ಲಿ ಗ್ಲಾಸ್ ಅಂಟದಂತೆ ಟೇಪ್ ಹಾಕಿ ಹಿಡಿ ಬಿಡಿ. ಒಣಗಿದ ಮೇಲೆ ಎಳೆಯಿರಿ. ಗ್ಲಾಸಿನ ಜತೆ ಫೋಮ್ ಹರಿದು ಬಂದರೆ ಪಾಸು. ಗ್ಲಾಸ್ ಸ್ವಚ್ಛವಾಗಿ ಎದ್ದು ಬಂದರೆ ಆ ಫೋಮೋ ನಿಮ್ಮ ಸ್ಲರಿಯೋ ಸರಿಯಿಲ್ಲ. ತಾರಸಿ ಹಾಳೆಯ ಬಣ್ಣ ಬಯಲಾಗುವುದು ಇಲ್ಲೇ.

ಮೂರು, ಪೆಟ್ರೋಲ್ ಬಾಟಲಿ. ಗಟ್ಟಿಯಾದ ರೆಸಿನ್-ಗ್ಲಾಸ್ ಪಟ್ಟಿಯನ್ನು ತೂಗಿ, ನೀವು ನಿಜವಾಗಿ ತುಂಬಿಸುವ ಪೆಟ್ರೋಲಿನಲ್ಲೇ ಮುಳುಗಿಸಿಡಿ. ವಾರಕ್ಕೊಮ್ಮೆ ತೆಗೆದು ಒರೆಸಿ ತೂಗಿ, ಉಗುರಿನಿಂದ ಒತ್ತಿ ನೋಡಿ. ತೂಕ ಏರುತ್ತಲೇ ಹೋದರೆ, ಅಂಟಂಟಾದರೆ ಆ ರೆಸಿನ್ ಟ್ಯಾಂಕಿಗೆ ಬೇಡ. ಬಾಟಲಿಯನ್ನು ಮನೆಯೊಳಗೆ ಇಡಬೇಡಿ ಅಂತ ಹೇಳಬೇಕಿಲ್ಲ ತಾನೇ?

ನಾಲ್ಕು, ಬಿಸಿಲು. ಎರಡು ಒಂದೇ ಥರದ ಪಟ್ಟಿ, ಒಂದಕ್ಕೆ ಬಿಳಿ ಬಣ್ಣ, ಇನ್ನೊಂದಕ್ಕೆ ಕಡು ಬಣ್ಣ. ಎರಡು ಇಟ್ಟಿಗೆಗಳ ನಡುವೆ ಸೇತುವೆಯಂತೆ ಇಟ್ಟು, ನಡುವೆ ಒಂದೇ ತೂಕ ಹೇರಿ, ಏಪ್ರಿಲ್ ಮಧ್ಯಾಹ್ನ ತಾರಸಿಯಲ್ಲಿ ಬಿಡಿ. ಸಂಜೆ ಸ್ಕೇಲ್ ಹಿಡಿದು ನೋಡಿದರೆ ಕಂಪೋಸಿಟ್ ವಿಮಾನಗಳೆಲ್ಲ ಯಾಕೆ ಬಿಳಿ ಅಂತ ಕೇಳುವ ಅಗತ್ಯ ಬರುವುದಿಲ್ಲ. ಕೆಂಪು ರೆಕ್ಕೆ ಬೇಕೇ ಬೇಕು ಅನ್ನುವವರು ತೆಳು ಪಟ್ಟೆಯಲ್ಲಿ ಆಸೆ ತೀರಿಸಿಕೊಳ್ಳಿ.

ಹಂತ 8: ಕೊಳ್ಳುವ ಕ್ರಮ

ಎಲ್ಲವನ್ನೂ ಒಮ್ಮೆಲೇ ತರಿಸಬೇಡಿ. ಫೋಮ್ ಮತ್ತು ಗ್ಲಾಸ್ ಕೆಡುವುದಿಲ್ಲ, ನೆರಳು, ಒಣ ಜಾಗ, ಧೂಳಿಲ್ಲದ ಹೊದಿಕೆ ಇದ್ದರೆ ಸಾಕು. ಆ ಎರಡನ್ನು ಒಂದೇ ಬ್ಯಾಚಿನಲ್ಲಿ ತರಿಸಿದರೆ ಲಾಭವೇ. ಗ್ಲಾಸ್ ಸುರುಳಿಯನ್ನು ಮಡಚದೆ ಕೊಳವೆಗೆ ಸುತ್ತಿ ಅಡ್ಡ ನೇತುಹಾಕಿ, ಮಡಚಿದ ಗೆರೆಯಲ್ಲಿ ಎಳೆ ಮುರಿಯುತ್ತದೆ. ರೆಸಿನ್ ಮಾತ್ರ ಆಯಾ ಭಾಗಕ್ಕೆ ಬೇಕಾದಷ್ಟೇ. ಡಬ್ಬದ ಮೇಲಿನ ತಾರೀಖು ನೋಡಿ, ತೆರೆದ ದಿನವನ್ನು ಮಾರ್ಕರಿನಲ್ಲಿ ಬರೆಯಿರಿ. ಚಳಿಗಾಲದಲ್ಲಿ ರೆಸಿನ್ ಹರಳುಗಟ್ಟಿ ಬೆಳ್ಳಗಾದರೆ ಬಿಸಾಡಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬ ಇಟ್ಟು ಪೂರ್ತಿ ತಿಳಿಯಾಗುವವರೆಗೆ ಕಾಯಿಸಿ, ಮತ್ತೆ ಕೋಣೆಯ ಹದಕ್ಕೆ ತಣಿದ ಮೇಲೆ ಬಳಸಿ. ಮೊದಲ ಆರ್ಡರಿಗೆ ಕನಾರ್ಡಿನಷ್ಟು ಚಿಕ್ಕ ಭಾಗವೊಂದರ ಸಾಮಾನು ಸಾಕು, ಜತೆಗೆ ಗವಸು ಮತ್ತು ಕಲಸುವ ಕಪ್ಪು ನೀವು ಅಂದುಕೊಂಡದ್ದರ ಎರಡರಷ್ಟು.